ಗಿಡದಲ್ಲೇ ಬಿಟ್ಟ ಚೆಂಡುಹೂವು

ಬೆಣ್ಣಿಹಳ್ಳದ ದಂಡೆ,
ಕ್ರಿಸ್ತಶಕ ೨೨೩೧, ನೆರಳುವರ್ಷ ಅರವತ್ನಾಲ್ಕು,
ಮಾರ್ಗಶಿರ ಮಾಸ.

ಪೂಜ್ಯ ಹಿರಿಯತ್ತೆಯವರಿಗೆ,

ನಿಮ್ಮ ಏಳನೆಯ ತಲೆಯ ಸೊಸೆ ಮಾಡುವ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ನಾವಿಲ್ಲಿ ಆರಾಮವಾಗಿದ್ದೇವೆ. ನಿಮ್ಮ ಆರಾಮ ತಿಳಿಸಿ ಎಂದು ಬರೆಯಲಾರೆ, ನೀವು ತಿಳಿಸಿದರೂ ಅದು ನನ್ನವರೆಗೆ ಬರುವ ದಾರಿಯಿಲ್ಲ. ನನ್ನ ಕನ್ನಡದಲ್ಲಿ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತಾದರೆ ಕ್ಷಮಿಸಿ. ಇನ್ನೂರು ವರ್ಷದಲ್ಲಿ ಮಾತೂ ಬಹಳ ಊರು ಸುತ್ತಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನೀವೆಲ್ಲ ಹೇಳುತ್ತಿದ್ದಿರಂತೆ. ಈಗ ಸೊಸೆಯ ಕಾಲ, ಸ್ವಲ್ಪ ಕೇಳಿಸಿಕೊಳ್ಳಿ.

ಈ ಕಾಗದ ‘ಹಿಂಟಪಾಲಿ’ನಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಎಲ್ಲರೂ ತೀರಿಹೋದ ತಾಯಿಗೋ ಮಗುವಿಗೋ ಬರೆಯುತ್ತಾರೆ. ನಾನು ಹೆಸರೂ ಗೊತ್ತಿಲ್ಲದ ನಿಮಗೆ, ಅದೂ ಚೆಂಡುಹೂವಿನ ಬೀಜದ ವಿಷಯಕ್ಕೆ ಬರೆಯುತ್ತೇನೆಂದಾಗ ಓಣಿಯ ಜನ ನನ್ನ ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದರೆ ಕೆಟ್ಟಿರಲಿ. ನೀವು ತವರಿನಿಂದ ಸೆರಗಿನ ತುದಿಗೆ ಗಂಟು ಕಟ್ಟಿ ತಂದ ಬೀಜ ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ ದಾಟಿ ನನ್ನ ಕೈಗೆ ಬಂದಿದೆ. ನಿಮ್ಮ ರಕ್ತ ನನ್ನದಲ್ಲ, ಬೀಜ ಮಾತ್ರ ನನ್ನದು. ಮನೆಯಲ್ಲಿ ನಿಮ್ಮನ್ನು ಚೆಂಡುಹೂವಿನವ್ವ ಎಂದೇ ಕರೆಯುತ್ತೇವೆ.

ನಮ್ಮ ಬದುಕು ನಿಮಗೆ ವಿಚಿತ್ರ ಅನ್ನಿಸೀತು. ಬಿಸಿಲು ತಡೆಯಲಾರದೆ ಊರಿಗೆಲ್ಲ ಒಂದೇ ನೆರಳುಚಪ್ಪರ ಹಾಸಿದ್ದಾರೆ, ಅದನ್ನು ಕಟ್ಟಿದಂದಿನಿಂದ ನಮ್ಮ ವರ್ಷದ ಲೆಕ್ಕ. ಪ್ರತಿ ಮನೆಗೆ ‘ಹಿತ್ತಿಲಪಾಲು’ ಎಂದು ಎರಡು ಹಾಸಿಗೆಯಗಲ ಮಣ್ಣು ಕೊಡುತ್ತಾರೆ. ಅದರಲ್ಲೇ ಮೆಣಸಿನಗಿಡ, ಅದರಲ್ಲೇ ಬದನೆ, ಬದುವಿಗೆ ಚೆಂಡುಹೂವು. ಜೇನು ಕಾಣುವುದು ಅಪರೂಪ. ಹೂವಿನಿಂದ ಹೂವಿಗೆ ಹಾರಿ ಪರಾಗ ಮುಟ್ಟಿಸಲು ‘ಗುಂಯ್ಯ’ ಎಂಬ ಪುಟ್ಟ ಯಂತ್ರವಿದೆ. ಅದಕ್ಕೆ ಹೂವು ಯಾವುದು, ನಮ್ಮ ಅತ್ತೆಯ ಮೂಗುತಿ ಯಾವುದು ತಿಳಿಯುವುದಿಲ್ಲ; ಮೂಗಿನ ಮೇಲೆ ಕೂತು ದಿನಾ ಬೈಸಿಕೊಳ್ಳುತ್ತದೆ. ಆಕಳು ಓಣಿಗೊಂದೇ. ದೀಪಾವಳಿ ಬಂದರೆ ಸಗಣಿಗೆ ಪಾಳಿ ಹಚ್ಚುತ್ತೇವೆ. ಏನು ಬಿಟ್ಟರೂ ಪಾಡ್ಯದ ದಿನ ಸಗಣಿಯಲ್ಲಿ ಮಾಡಿದ ದೇವಿ ಹಟ್ಟೆವ್ವನನ್ನು ಹೊಸ್ತಿಲ ಬಳಿ ಕೂರಿಸಿ, ನೆತ್ತಿಗೆ ಚೆಂಡುಹೂವು ಸಿಕ್ಕಿಸುವುದನ್ನು ಬಿಟ್ಟಿಲ್ಲ.

ಈ ಭಕ್ತಿಯಲ್ಲೇ ಎಡವಟ್ಟಾಗಿದೆ ನೋಡಿ. ‘ಒಳ್ಳೇದು ದೇವರಿಗೆ, ಉಳಿದದ್ದು ಬೀಜಕ್ಕೆ’ ಎನ್ನುವುದು ಈ ಮನೆಯ ಕಟ್ಟಳೆ. ಪ್ರತಿ ಹಬ್ಬಕ್ಕೆ ತುಂಬಿದ ಹೂವನ್ನೆಲ್ಲ ಹರಿದು ಹಟ್ಟೆವ್ವನಿಗೆ ಕೊಟ್ಟೆವು. ಗಿಡದ ಮೂಲೆಯಲ್ಲಿ ಉಳಿದ ಬಡಕಲು ಹೂವು ಒಣಗಿದ ಮೇಲೆ ಅದರ ಬೀಜ ತೆಗೆದಿಟ್ಟೆವು. ಬಡಕಲು ಹೂವಿನ ಬೀಜ ಬಿತ್ತಿದರೆ ಬರುವುದೂ ಬಡಕಲೇ ಅಲ್ಲವೇ? ಏಳು ತಲೆ ಹೀಗೇ ನಡೆದು, ಈಗ ನಮ್ಮ ಹೂವು ಅಂಗಿಯ ಗುಂಡಿಯಷ್ಟಿದೆ, ಸುತ್ತ ನಾಲ್ಕಾರು ಎಸಳು. ನನ್ನ ಅತ್ತೆ ಕಾಶವ್ವ ಈ ಮನೆ ತುಂಬಿದಾಗ ಅವರ ಅತ್ತೆ, ‘ಹಿಂದಕ ಅಂಗೈ ತುಂಬ ಹೂವ ಬಿಡತಿತ್ತವಾ’ ಎಂದಿದ್ದರಂತೆ. ಆ ಹೂವು ನೋಡಬೇಕೆಂದು ಕಾಯುತ್ತ ಕಾಯುತ್ತ ಕಾಶವ್ವನಿಗೆ ತೊಂಬತ್ತು ದಾಟಿತು.

ಈ ವರ್ಷ ಬದುವಿನ ಕೊನೆಯ ಗಿಡಕ್ಕೆ ಯಾವ ಅಜ್ಜಿಯ ನೆನಪಾಯಿತೋ ಏನೋ, ಒಂದೇ ಒಂದು ಹೂವು ಅಂಗೈ ತುಂಬ ಅರಳಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದು ನೋಡಿದರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಪಾಡ್ಯದ ದಿನ ಅದು ಹಟ್ಟೆವ್ವನ ನೆತ್ತಿಗೆ ಎಂದು ಅಲ್ಲೇ ಹೇಳಿಬಿಟ್ಟರು. ಹಸಿ ಹೂವು ಹರಿದರೆ ಒಳಗಿನ ಬೀಜ ಜೊಳ್ಳು. ಅದು ಗಿಡದಲ್ಲೇ ಒಣಗಿದರೆ ಮಾತ್ರ ನಮ್ಮ ಹೂವು ಉಳಿಯುತ್ತದೆ.

‘ಅತ್ತಿ, ಇದನ್ನ ಹರದ್ರ ಮುಂದಿನ ವರ್ಷ ಮತ್ತ ಗುಂಡಿಯಷ್ಟ ಹೂವ ಬರತಾವ್ರೀ’ ಎಂದೆ.

‘ಬೀಜಕ್ಕ ಬಿಡಬೇಕಂತ, ಬೀಜಕ್ಕ! ಉಳಿದದ್ದು ಬಳಿದದ್ದು ಇಸ್ಕೊಳ್ಳಾಕ ಹಟ್ಟೆವ್ವ ಏನು ಭಿಕ್ಷಾ ಬೇಡಾಕ ಬಂದಾಳೇನು?’ ಎಂದು ಸಿಡಿದರು. ಆಮೇಲೆ ದನಿ ಇಳಿಸಿ, ‘ಮುಂದಿನ ವರ್ಷ ನಾ ಎಲ್ಲಿರತೀನವಾ’ ಎಂದರು. ಹರಿದುಕೊಳ್ಳಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡೆ.

ಪಾಡ್ಯದ ಬೆಳಿಗ್ಗೆ ಸಗಣಿಯ ಬುಟ್ಟಿ ಹೊಸ್ತಿಲ ಬಳಿ ಇಟ್ಟೆ. ಅತ್ತೆ ಅದನ್ನು ಹಿತ್ತಿಲಿಗೆ ತರಹೇಳಿ, ಆ ಗಿಡದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ‘ಹೂವ್ಯಾಕ ಆಕೀ ಕಡೆ ಹೋಗಬೇಕು? ಆಕೀನ ಬರಲಿ ಹೂವಿನ ಕಡೆ’ ಎಂದರು. ನನ್ನ ಗಂಡ, ‘ಯವ್ವಾ, ಹಟ್ಟೆವ್ವಗ ಕಾಲ ಇಲ್ಲ, ಹೆಂಗ ಬರತಾಳ?’ ಎಂದು ನಕ್ಕ. ‘ಇಲ್ಲಂದ್ರ ಮಾಡಿದ್ರಾತು ತಗೋ’ ಎಂದು ತಾವೇ ಸಗಣಿಯ ಎರಡು ಕಾಲು ತಟ್ಟಿ, ಬೆರಳನ್ನೂ ತಿದ್ದಿ ಕೂರಿಸಿದರು. ಆಮೇಲೆ ಆ ಟೊಂಗೆಯನ್ನು ಮೆಲ್ಲಗೆ ಬಗ್ಗಿಸಿ, ಹೂವನ್ನು ಹರಿಯದೆಯೇ ದೇವಿಯ ನೆತ್ತಿಗೆ ಮುಟ್ಟಿಸಿ ಹಿಡಿದರು. ನಾನು ಆರತಿ ಬೆಳಗಿ ಮುಗಿಸುವವರೆಗೆ ಹಿಡಿದೇ ಇದ್ದರು. ಹಿರಿಯತ್ತೆಯವರೇ, ಆರತಿಯ ಹಾಡು ಹೇಳುವುದೇ ನನಗೆ ಮರೆತುಹೋಯಿತು.

ಮುಂದೆ ಕೋಲು ಹಿಡಿದು ಆ ಹೂವಿನ ಕಾವಲಿಗೆ ಕೂತವರೂ ಅವರೇ. ಗುಂಯ್ಯನಿಗೂ ಬೈಗುಳ, ನನಗೂ ಬೈಗುಳ. ಎಸಳು ಕಂದಿ, ಕೆಳಗಿನ ಹಸಿರು ತೊಟ್ಟು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಕಡ್ಡಿ ತಾನಾಗಿ ಮುರಿಯುವವರೆಗೆ ಮುಟ್ಟಗೊಡಲಿಲ್ಲ. ನಿನ್ನೆ ಬಿಡಿಸಿದೆವು. ತುದಿಗೆ ಬಿಳಿ ಕುಚ್ಚಿರುವ ಕರಿ ಕಡ್ಡಿಯಂಥ ಬೀಜ. ಜೊಳ್ಳನ್ನು ಊದಿ ತೆಗೆದು, ನೆರಳಿಗೆ ಹರವಿದ್ದೇವೆ. ಪೂರ್ತಿ ಆರಿದ ಮೇಲೆ ಬೇವಿನೆಲೆಯ ಜೊತೆ ಅರಿವೆಯಲ್ಲಿ ಕಟ್ಟಿ ಮಣ್ಣಿನ ಗಡಿಗೆಗೆ ಹಾಕುತ್ತೇವೆ. ಅರ್ಧ ಆರಿದ್ದನ್ನು ಮುಚ್ಚಿಟ್ಟರೆ ಬೂಸು ಹಿಡಿದು ಎಲ್ಲ ಹಾಳು, ನಿಮಗೆ ನಾನು ಹೇಳಬೇಕೇ? ಈ ಬೀಜ ಮುಂದಿನ ಮಳೆಗೆ ಎಂಥ ಹೂವು ಕೊಡುತ್ತದೋ ಗೊತ್ತಿಲ್ಲ. ಒಂದೇ ಹೂವಿನ ಮೇಲೆ ಎಷ್ಟೆಂದು ನೆಚ್ಚಿಕೊಳ್ಳುವುದು?

ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ಬರುವ ದೀಪಾವಳಿಗೆ ನೀವು ಬುಟ್ಟಿ ಹಿಡಿದು ಹಿತ್ತಿಲಿಗೆ ಇಳಿಯುತ್ತೀರಿ. ಎಲ್ಲಕ್ಕಿಂತ ಚೆಂದದ ಹೂವಿನ ಮೇಲೆ ಕೈ ತಾನಾಗಿ ಹೋಗುತ್ತದೆ. ಅದೊಂದನ್ನು ಬಿಡಿ, ಒಣಗಲಿ. ಅದರ ಬೀಜವನ್ನೇ ನಿಮ್ಮ ಸೊಸೆಯ ಕೈಗೆ ಕೊಡಿ, ಹೀಗೇ ಮಾಡು ಎಂದು ಹೇಳಿಕೊಡಿ. ಆಗ ಕಾಶವ್ವ ಎಂಬ ಹುಡುಗಿ ಈ ಮನೆ ತುಂಬಿದ ವರ್ಷವೇ ಅಂಗೈ ತುಂಬ ಹೂವು ಕಾಣುತ್ತಾಳೆ, ಮುದುಕಿಯಾಗುವ ತನಕ ಕಾಯುವುದಿಲ್ಲ. ನಾನು ಕಂಡ ಪಾಡ್ಯದ ಆ ಬೆಳಗು ಆಗ ನಡೆಯದೇ ಹೋಗಬಹುದು, ನನಗೆ ಅದರ ನೆನಪೂ ಉಳಿಯಲಿಕ್ಕಿಲ್ಲ. ನನ್ನ ಬಾಳಿನ ಅತಿ ಚೆಂದದ ಬೆಳಗು ಅದು. ಹೋದರೆ ಹೋಗಲಿ, ಅತ್ತೆ ನೋಡಲಿ.

ಒಳ್ಳೆಯ ಹೂವು ಯಾಕೆ ಕೊಡಲಿಲ್ಲ ಎಂದು ದೇವಿ ಮುನಿಸಿಕೊಂಡು ಕೇಳಿದರೆ, ನೀವೇನೂ ಹೆದರಬೇಡಿ. ನನ್ನ ಹೆಸರು ಹೇಳಿ.

ಇಂತಿ ನಿಮ್ಮ ಸೊಸೆ,
ಸ್ವಾತೆವ್ವ