ಗಂಧದ ಕೊರಡಿಗೆ ರಸೀದಿ ಎಲ್ಲಿಂದ ತರಲಿ?

ಕಾಡನ್ನೂ ನಮ್ಮ ದೇವರ ಮನೆಯನ್ನೂ ಒಂದೇ ಎಂದು ಬಗೆದಿರುವ ಮಾನ್ಯ ಅರಣ್ಯಾಧಿಕಾರಿಗಳೇ,

ಗೇಣುದ್ದದ ಒಂದು ಗಂಧದ ಕೊರಡಿಗಾಗಿ ನಿಮ್ಮ ಇಲಾಖೆ ನನ್ನ ಮೇಲೆ ಕಳವಿನ ಮೊಕದ್ದಮೆ ಹೂಡಿದೆ. ಬರುವ ಸೋಮವಾರ ಮಡಿಕೇರಿಯ ಕೋರ್ಟಿನಲ್ಲಿ ಕಡೆಯ ವಿಚಾರಣೆ. ಶಿಕ್ಷೆಯಾದರೆ ಜೈಲು, ಹದಿನಾಲ್ಕು ವರ್ಷ ಮಾಡಿದ ಮೇಷ್ಟ್ರ ಕೆಲಸವೂ ಹೋಗುತ್ತದೆ. ನನಗೆ ಭಯವಾಗಿದೆ, ಮುಚ್ಚಿಡುವುದಿಲ್ಲ.

ನಡೆದದ್ದು ಇಷ್ಟು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಿಮ್ಮ ಗಾರ್ಡು ಬೆವರುತ್ತಾ ನಮ್ಮ ಜಗಲಿಗೆ ಬಂದು, "ಮನೇಲಿ ಗಂಧ ಐತೇನಮ್ಮ?" ಎಂದು ಕೇಳಿದರು. ನನ್ನ ಹೆಂಡತಿ ವನಜಮ್ಮ, ಪಾಪ, ತಲೆನೋವಿಗೆ ಕೇಳುತ್ತಿದ್ದಾರೆ ಎಂದುಕೊಂಡಳು. "ಐತೆ ಕಣಣ್ಣ, ಕೂತ್ಕಳಿ, ತೇದು ಕೊಡ್ತೀನಿ" ಎಂದು ಕೊರಡನ್ನೂ ಸಾಣೆಕಲ್ಲನ್ನೂ ತಂದು ಅವರೆದುರೇ ತೇದು ಕೊಟ್ಟಳು. ಅವರು ಹಣೆಗೆ ಹಚ್ಚಿಕೊಂಡರು. ಅದು ಒಣಗುವ ಮೊದಲೇ ಕೊರಡು ಜಪ್ತಿಯಾಯಿತು. ಕದ್ದ ಮಾಲನ್ನು ಹೀಗೆ ಉಪಚಾರ ಮಾಡಿ ತೋರಿಸುವ ಕಳ್ಳರನ್ನು ತಮ್ಮ ಸೇವಾವಧಿಯಲ್ಲಿ ಎಷ್ಟು ಮಂದಿಯನ್ನು ಕಂಡಿದ್ದೀರಿ?

ನನ್ನ ತಾಯಿ ಸಿದ್ದಮ್ಮ ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದಾಗ, ಆ ಕೊರಡನ್ನು ದೇವರ ಪಟದ ಜೊತೆ ಮಡಿಲಲ್ಲಿ ಕಟ್ಟಿಕೊಂಡು ತಂದಿದ್ದರು. "ಸಾಬೀತುಪಡಿಸಿ" ಎನ್ನುತ್ತಾರೆ ನಿಮ್ಮ ವಕೀಲರು. ಗಂಧ ಎಲ್ಲಿ ಸಿಕ್ಕಿದರೂ ಸರ್ಕಾರದ್ದೇ. ಅಲ್ಲವೆನ್ನುವವನೇ ರುಜುವಾತು ಒದಗಿಸಬೇಕಂತೆ. ಕೊಲೆಯ ಆಪಾದನೆ ಹೊತ್ತವನನ್ನೂ ಮೊದಲು ನಿರಪರಾಧಿ ಎಂದೇ ಎಣಿಸುವ ಕಾನೂನು, ಹಣೆಗೆ ಗಂಧವಿಡುವವನ ವಿಷಯದಲ್ಲಿ ಏಕೆ ಮಗ್ಗುಲು ಬದಲಿಸಿತು? ತಾಯಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರಿಗೆ ಸಮನ್ಸ್ ಕಳಿಸಲೇ?

ಉಳಿದಿರುವ ಸಾಕ್ಷಿ ಸಾಣೆಕಲ್ಲೊಂದೇ. ನಿತ್ಯ ತೇದು ತೇದು ಅದರ ನಡು ತಗ್ಗಾಗಿದೆ. ಕೊರಡಿನ ಸವೆದ ತುದಿ ಅಲ್ಲಿ ಸರಿಯಾಗಿ ಕೂರುತ್ತದೆ. ಗಾರ್ಡು ಅದನ್ನು ಮಹಜರಿನಲ್ಲಿ ಬರೆಯಲೇ ಇಲ್ಲ. ವನಜಮ್ಮ ಈಗ ಅದನ್ನು ತೊಳೆಯುವುದನ್ನೂ ಬಿಟ್ಟಿದ್ದಾಳೆ. "ತೊಳುದ್ರೆ ಸಾಕ್ಷಿ ಹೋಗ್ಬುಡುತ್ತೆ" ಎನ್ನುತ್ತಾಳೆ. "ನಾನೇ ಕೈಯಾರೆ ನಿಮ್ಮುನ್ನ ಹಿಡ್ಕೊಟ್ಟೆ" ಎಂದು ಅಳುತ್ತಾಳೆ.

ನಾನು ಕದ್ದಿದ್ದರೆ ಎಲ್ಲೋ ಒಂದು ಮರ ಕಡಿದಿರಬೇಕಲ್ಲವೇ? ಸೋಮವಾರದೊಳಗೆ ಅದರ ಬುಡ ತೋರಿಸಿ. ಆಗದಿದ್ದರೆ ಮೊಕದ್ದಮೆ ಹಿಂತೆಗೆದುಕೊಳ್ಳಿ. ಎರಡೂ ಆಗದಿದ್ದರೆ ನಾನು ಕಲ್ಲು ಹೊತ್ತುಕೊಂಡೇ ಕೋರ್ಟಿಗೆ ಬರುತ್ತೇನೆ. ಸಾಕ್ಷಿ ಹೇಳಲು ಬರುವಾಗ ನಿಮ್ಮ ಗಾರ್ಡು ಮಾತ್ರ ಹಣೆ ತೊಳೆದುಕೊಂಡು ಬರಲಿ. ಅಲ್ಲಿರುವ ಗಂಧಕ್ಕೂ ರಸೀದಿಯಿಲ್ಲ.

ಇಂತಿ,
ಹೆತ್ತವ್ವನಿಂದ ರಸೀದಿ ಪಡೆಯಲು ಮರೆತ
ಸಣ್ಣಸ್ವಾಮಿ,
ಶಾಲಾ ಉಪಾಧ್ಯಾಯ, ಸೋಮವಾರದವರೆಗೆ
ಶಿರಂಗಾಲ, ಕೊಡಗು ರಾಜ್ಯ, ೧೯೫೪