ಬಿಡುವು ಕೊಟ್ಟಿರಲಿಲ್ಲ

ಪಾಂಡವಪುರ
ಭಾನುವಾರ

ಕಾರ್ಮಿಕ ನಿರೀಕ್ಷಕರಾದ ಮೇಡಂ ಅವರಿಗೆ ಪ್ರಮೀಳಾ ಮಾಡುವ ನಮಸ್ಕಾರ.

ಮೊನ್ನೆ ನೀವು ನಮ್ಮ ಗಾರ್ಮೆಂಟ್ಸಿಗೆ ವಿಚಾರಣೆಗೆ ಬಂದಾಗ, ಮಹ್ವಿಶ್‌ಗೆ ಊಟದ ಬಿಡುವು ಕೊಟ್ಟಿದ್ದರು ಎಂದು ಹೇಳಿದವಳು ನಾನು. ಅದು ಸುಳ್ಳು. ಆಗ ಸೂಪರ್‌ವೈಸರ್ ಲೋಕೇಶ್ ನನ್ನ ಪಕ್ಕದಲ್ಲೇ ನಿಂತಿದ್ದರು.

ಮಹ್ವಿಶ್ ಆರು ತಿಂಗಳ ಬಸುರಿ. ನಮ್ಮಿಬ್ಬರದೂ ಅಕ್ಕಪಕ್ಕದ ಮಿಷನ್ನು. ಅವಳು ಆಸ್ಪತ್ರೆ ಸೇರಿದ ದಿನ ಬೆಳಿಗ್ಗೆಯಿಂದ ಯಾರಿಗೂ ಬಿಡುವಿರಲಿಲ್ಲ. ಎರಡು ಗಂಟೆಗೆ ಅವಳು, "ಸಾರ್, ತಲೆ ತಿರುಗ್ತಾ ಐತೆ, ಒಂಚೂರು ಉಂಡು ಬತ್ತೀನಿ" ಎಂದಳು.

"ಲಾರಿ ಕಾಯ್ತಾ ಅದೆ ಕಣವ್ವ, ಇಷ್ಟು ಮುಗಿಸ್ಬುಟ್ಟು ಓಗು" ಎಂದರು ಲೋಕೇಶ್.

ಅರ್ಧ ಗಂಟೆಯಲ್ಲಿ ಅವಳು ಮಿಷನ್ ಮೇಲೆಯೇ ಕುಸಿದಳು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಮಗು ಉಳಿದಿದೆ. ಹೆರಿಗೆಯವರೆಗೂ ಅವಳು ಮಲಗಿಯೇ ಇರಬೇಕಂತೆ. "ಅಕ್ಕ, ನಾನೇ ಹಟಕ್ಕೆ ಊಟ ಬುಟ್ಟೆ ಅಂತ ನಮ್ಮನೇರೂ ನಂಬ್ಬುಟ್ಟವ್ರೆ. ನೀವಾದ್ರೂ ನಿಜ ಏಳಿ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಏನು ಹೇಳಿದ್ದೇನೆಂದು ಅವಳಿಗೆ ಗೊತ್ತಿಲ್ಲ.

ನನ್ನ ಹೇಳಿಕೆಯನ್ನು ತಿದ್ದಿ ಬರೆದುಕೊಳ್ಳಿ. ದಯವಿಟ್ಟು ಫ್ಯಾಕ್ಟರಿಗೆ ಫೋನ್ ಮಾಡಬೇಡಿ, ನನ್ನ ಯಜಮಾನರೂ ಅಲ್ಲೇ ಕಟಿಂಗ್ ವಿಭಾಗದಲ್ಲಿದ್ದಾರೆ. ಬುಧವಾರ ನಾನೇ ನಿಮ್ಮ ಕಚೇರಿಗೆ ಬಂದು ಸಹಿ ಹಾಕುತ್ತೇನೆ. ರಜೆ ಕೊಡದಿದ್ದರೂ ಬರುತ್ತೇನೆ.

ಅವತ್ತೇ ಮೊದಲು ಆಸ್ಪತ್ರೆಗೆ ಹೋಗಿ ಮಹ್ವಿಶ್‌ಗೆ ಎಲ್ಲ ಹೇಳಬೇಕು. ಸ್ವಲ್ಪ ತಡವಾದರೆ, ಬರುವುದಿಲ್ಲವೆಂದುಕೊಳ್ಳಬೇಡಿ, ಕಾಯಿರಿ.

ಇಂತಿ,
ಪ್ರಮೀಳಾ
ಹೊಲಿಗೆ ವಿಭಾಗ, ಎರಡನೇ ಸಾಲು