ಬಿದ್ದಿದ್ದರೆ ಪಾಸು, ಹಿಡಿದದ್ದಕ್ಕೆ ನಪಾಸು

ಚಿಯರ್‌ಲೀಡಿಂಗ್ ನಿಯಮಾವಳಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬೀಳುತ್ತಿದ್ದ ಗೆಳತಿಯನ್ನು ಹಿಡಿದ ತಪ್ಪಿಗೆ ಪುಣೆಯ ಹಡಪಸರದ ಕಾಲೇಜೊಂದರ ಹುಡುಗಿಯರ ತಂಡವನ್ನು ತಾವು ಅನರ್ಹಗೊಳಿಸಿದ್ದೀರಿ. ಅಭಿನಂದನೆಗಳು. ಈ ಬಗ್ಗೆ ಇಂಗ್ಲಿಷಿನಲ್ಲಿ ಬರೆದೆ, ಉತ್ತರವಿಲ್ಲ. ಮರಾಠಿಯಲ್ಲಿ ಬರೆದೆ, ‘ನಿಯಮ ಸ್ಪಷ್ಟವಾಗಿದೆ’ ಎಂಬ ಒಂದು ಸಾಲು ಬಂತು. ತಾವು ಮೂಲತಃ ಬೆಳಗಾವಿ ಕಡೆಯವರೆಂದು ತಿಳಿದ ಮೇಲೆ, ನನಗೆ ಸಿಟ್ಟು ಚೆನ್ನಾಗಿ ಬರುವ ಭಾಷೆಯಲ್ಲೇ, ನಾಲ್ಕು ಜನ ಓದಲೆಂದು ಬರೆಯುತ್ತಿದ್ದೇನೆ.

ಆ ಪಂದ್ಯದ ಸುರಕ್ಷತಾ ತೀರ್ಪುಗಾರ ನಾನೇ. ಹುಡುಗಿಯರು ಕೈಕಾಲು ಮುರಿದುಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸವೆಂದು ತಿಳಿದಿದ್ದೆ. ನಿಮ್ಮ ನಿಯಮಾವಳಿ ಓದಿ ಆ ಭ್ರಮೆ ಬಿಟ್ಟಿತು. ಅದರ ಪ್ರಕಾರ ಭುಜ ಸೊಂಟಕ್ಕಿಂತ ಕೆಳಗಿದ್ದು, ಒಂದು ಪಾದವಾದರೂ ತಲೆಗಿಂತ ಮೇಲಿದ್ದರೆ ಮಾತ್ರ ‘ತಲೆಕೆಳಗು’. ಬರೀ ತಲೆ ಕೆಳಗಿದ್ದರೆ ತಲೆಕೆಳಗಲ್ಲ. ಇದಕ್ಕೊಂದು ಸ್ಪಷ್ಟೀಕರಣ, ಸ್ಪಷ್ಟೀಕರಣಕ್ಕೊಂದು ತಿದ್ದುಪಡಿ, ತಿದ್ದುಪಡಿ ಅನ್ವಯಿಸದ ಸಂದರ್ಭಗಳಿಗೊಂದು ಅನುಬಂಧ. ಅರ್ಥವಾಗದೆ ಮನೆಯ ಸೋಫಾದ ಮೇಲೆ ಸ್ವತಃ ಪ್ರಯೋಗ ಮಾಡಿ ನೋಡಿದೆ. ಹೆಂಡತಿ ಅಡುಗೆಮನೆಯಿಂದ ಬಂದು, “ಏನ್ರಿ, ಅರಾಮ ಇಲ್ಲೇನು?” ಎಂದಳು. “ನಿಯಮ ಓದಾಕತ್ತೀನಿ” ಎಂದೆ. ಪಕ್ಕದ ಮನೆಯವರು ನೋಡಬಾರದೆಂದು ಆಕೆ ಕಿಟಕಿಯ ಪರದೆ ಎಳೆದಳು.

ಇನ್ನು ಪಂದ್ಯದಲ್ಲಿ ನಡೆದದ್ದು. ಗೆಳತಿಯರ ಕೈಗಳ ಮೇಲೆ ಹತ್ತಿ ನಿಲ್ಲುವವಳು ಸಾಸವಡದ ಮಂಜರಿ. ಕೆಳಗೆ ಆಕೆಯ ಪಾದ ಹೊರುವವರಿಗೆ ಬೇಸ್ ಎನ್ನುತ್ತಾರೆ. ಹಿಂದೆ ನಿಂತು ಕಾಯುವವಳು ಸ್ಪಾಟರ್. ಆಕೆ ತಂಡದ ನಾಯಕಿ ಸಿಂಧು, ಧಾರವಾಡ ಮೂಲದ ಮನೆತನದವಳು. ತಾಲೀಮು ಸಿಂಧುವಿನ ಮನೆಯ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ನಡೆಯುತ್ತಿದ್ದುದರಿಂದ ಮರಾಠಿ ಮಾತಿನ ಮಂಜರಿ ಕನ್ನಡದಲ್ಲಿ ಒಂದೇ ಒಂದು ಶಬ್ದ ಕಲಿತಿದ್ದಳು: ‘ಹತ್ತು’. ಸಿಂಧು ಅದನ್ನು ಹೇಳಿದ ತಕ್ಷಣ ಮೇಲೇರಬೇಕು. ಪಂದ್ಯದ ದಿನ ತಂಡ ಸಿದ್ಧವಾಗುತ್ತಿತ್ತು, ಸಭಾಂಗಣ ಗಪ್‌ಚಿಪ್. ಮುಂದಿನ ಸಾಲಿನಲ್ಲಿ ಸಿಂಧುವಿನ ಅಜ್ಜಿ ಕಾಶವ್ವ, ಹುಡುಗಿಯರಿಗೆಂದು ತಂದ ಶೇಂಗಾ ಉಂಡಿ ಎಣಿಸುತ್ತಿದ್ದರು. “ಎಂಟು, ಒಂಬತ್ತು, ಹತ್ತು.” ಮಂಜರಿ ಹತ್ತಿಯೇಬಿಟ್ಟಳು.

ಬೇಸ್ ಹುಡುಗಿಯರ ಕೈಗಳು ಇನ್ನೂ ಕೂಡಿರಲಿಲ್ಲ. ಒಂದು ಪಾದ ಜಾರಿತು. ಸಿಂಧು ಹಿಂದಿನಿಂದ ನುಗ್ಗಿ ಅಂಗಾಲಿನ ಕೆಳಗೆ ಅಂಗೈ ಕೊಟ್ಟಳು. ಮಂಜರಿ ನೆಟ್ಟಗೆ ನಿಂತು ಪ್ರೇಕ್ಷಕರತ್ತ ನಕ್ಕಳು ಕೂಡ. ನನಗೆ ಹೋದ ಜೀವ ಬಂದಂತಾಯಿತು. ಹೊಯ್ದಾಟಕ್ಕೆಂದು ಅರ್ಧ ಅಂಕ ಕಳೆದು ಸುಮ್ಮನಾದೆ.

ಆಮೇಲೆ ತಮ್ಮ ಕಚೇರಿ ವಿಡಿಯೋ ನೋಡಿತು. ಸ್ಪಾಟರ್ ಅಂಗಾಲಿನ ಕೆಳಗೆ ಕೈ ಕೊಟ್ಟರೆ ಆ ಕ್ಷಣದಿಂದ ಆಕೆ ಬೇಸ್. ಸಿಂಧು ಬೇಸ್ ಆದಳೆಂದರೆ ಹಿಂದೆ ಸ್ಪಾಟರ್ ಇಲ್ಲ. ಸ್ಪಾಟರ್ ಇಲ್ಲದ ಸ್ಟಂಟ್ ಅಪಾಯಕಾರಿ. ಆದ್ದರಿಂದ ತಂಡ ಅನರ್ಹ, ರಾಜ್ಯಮಟ್ಟದ ಪಂದ್ಯಕ್ಕೆ ಪ್ರವೇಶವಿಲ್ಲ. ಕಣಕಾಲು ಹಿಡಿದಿದ್ದರೆ ನಡೆಯುತ್ತಿತ್ತಂತೆ. ಸ್ವಾಮಿ, ಬೀಳುವವಳು ತನ್ನನ್ನು ಎಲ್ಲಿ ಹಿಡಿಯಬೇಕೆಂದು ಮುಂಚಿತವಾಗಿ ಅರ್ಜಿ ಹಾಕಿಕೊಂಡು ಬೀಳುತ್ತಾಳೆಯೇ? ಇನ್ನೂ ಸ್ವಾರಸ್ಯವೆಂದರೆ, ಮಂಜರಿ ಧೊಪ್ಪೆಂದು ನೆಲಕ್ಕೆ ಬಿದ್ದಿದ್ದರೆ ಎರಡು ಅಂಕ ಕಡಿತ, ಅಷ್ಟೇ. ಅಷ್ಟು ಕಳೆದುಕೊಂಡರೂ ತಂಡವೇ ಮೊದಲು ಬರುತ್ತಿತ್ತು.

ಈ ಸುದ್ದಿಯನ್ನು ಸಿಂಧುವಿನ ಮನೆಗೆ ಹೋಗಿ ಹೇಳಿದವನೂ ನಾನೇ.

“ಹಂಗಾದ್ರ ಆಕಿನ್ನ ಬೀಳಾಕ ಬಿಡಬೇಕಿತ್ತೇನ್ರಿ ಸರ್?” ಎಂದಳು ಸಿಂಧು.

ಕಾಶವ್ವನವರೂ ಬಿಡಲಿಲ್ಲ. “ಬಿದ್ದು ಕೈ ಮುರಕೊಂಡಿದ್ರ ಮುಂದ ಕಳಸ್ತಿದ್ರೇನು?”

“ಹೌದ್ರಿ ಅಜ್ಜಿ.”

“ಇದನ್ನ ಬರದಾಂವಗ ಮಕ್ಕಳು ಮರಿ ಇಲ್ಲೇನ್ರಿ?”

ಆ ಬಗ್ಗೆ ನಿಯಮಾವಳಿಯಲ್ಲಿ ಯಾವ ಮಾಹಿತಿಯೂ ಇಲ್ಲವೆಂದು ತಿಳಿಸಿದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಕಳೆದ ವಾರ ಗಚ್ಚಿಯ ಮೇಲೆ ತಾಲೀಮು ನೋಡಲು ಹೋಗಿದ್ದೆ. ಮಂಜರಿಯ ಕಾಲು ಮತ್ತೆ ಜಾರಿತು. ಸಿಂಧುವಿನ ಕೈ ಮುಂದೆ ಬಂತು, ನಡುವೆಯೇ ತಡೆದು ನಿಂತಿತು. ಎಲ್ಲಿ ಹಿಡಿಯಲಿ ಎಂದು ಆ ಹುಡುಗಿ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಮಂಜರಿ ಬಿದ್ದಾಗಿತ್ತು. ಕೆಳಗೆ ಗಾದಿ ಹಾಸಿದ್ದರಿಂದ ಮೊಣಕೈ ತರಚಿದ್ದಷ್ಟಕ್ಕೇ ಮುಗಿಯಿತು. ಸಿಂಧು ಅತ್ತಳು. ಇಷ್ಟು ವರ್ಷಗಳ ತೀರ್ಪುಗಾರಿಕೆಯಲ್ಲಿ ನನಗೆ ಹೀಗೆ ಭಯವಾದದ್ದಿಲ್ಲ. ತಮ್ಮ ನಿಯಮ ಆ ಹುಡುಗಿಗೆ ಕೊನೆಗೂ ಅರ್ಥವಾಗಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಬೀಳುವವಳನ್ನು ಹಿಡಿದ ಯಾವ ಕೈಯೂ ತಪ್ಪು ಕೈಯಲ್ಲ ಎಂದು ಒಂದು ಸಾಲು ಬರೆಯಿರಿ. ಅದಕ್ಕೆ ಸ್ಪಷ್ಟೀಕರಣ ಬೇಡ. ಅನರ್ಹತೆ ರದ್ದುಪಡಿಸಿ ಹುಡುಗಿಯರನ್ನು ರಾಜ್ಯಮಟ್ಟಕ್ಕೆ ಕಳುಹಿಸಿ. ಅದು ಸಾಧ್ಯವಿಲ್ಲವಾದರೆ ಒಂದು ದಿನ ತಾವೇ ತಾಲೀಮಿಗೆ ಬಂದು ಮೇಲೇರಿ ನಿಲ್ಲಬೇಕು. ಹುಡುಗಿಯರು ತಮ್ಮನ್ನು ಎತ್ತುತ್ತಾರೆ, ಅವರ ತೋಳಿನ ಮೇಲೆ ನನಗೆ ಭರವಸೆಯಿದೆ. ತಮ್ಮ ಬೆನ್ನ ಹಿಂದೆ ಸ್ಪಾಟರ್ ಆಗಿ ನಾನು ನಿಲ್ಲುತ್ತೇನೆ, ಎರಡೂ ಕೈ ಕಟ್ಟಿಕೊಂಡು.

ಇಂತಿ,
ಮುಂದಿನ ಪಂದ್ಯಕ್ಕೆ ಕರೆ ಬರುವ ಆಸೆಯನ್ನು ಈ ಪತ್ರದೊಂದಿಗೇ ಅಂಚೆಗೆ ಹಾಕಿದ,
ಈರಬಸಪ್ಪ
ಸುರಕ್ಷತಾ ತೀರ್ಪುಗಾರ (ಸದ್ಯಕ್ಕೆ), ಪುಣೆ